ಮಗುವಿನ ಕಾರ್ಡಿನಲ್ಲಿ ತಾಯಿಗೂ ಒಂದು ಸಾಲು ಕೊಡಿ

ಹೆರಿಗೆ ಆಸ್ಪತ್ರೆಗಳನ್ನೂ ಶಿಶು ಲಸಿಕಾ ಕೇಂದ್ರಗಳನ್ನೂ ನಡೆಸುವ ಆಡಳಿತಾಧಿಕಾರಿಗಳಿಗೆ, ವೈದ್ಯಾಧಿಕಾರಿಗಳಿಗೆ

ವಿಷಯ: ಬಾಣಂತಿಯರ ಮಾನಸಿಕ ಆರೋಗ್ಯದ ತಪಾಸಣೆಯನ್ನು ಮಗುವಿನ ಲಸಿಕೆ ಭೇಟಿಯೊಂದಿಗೆ ಸೇರಿಸುವ ಕುರಿತು

ಮಾನ್ಯರೇ,

ಲಸಿಕೆಗೆ ಬಂದ ಕೂಸಿಗೆ ಏನೇನು ಉಪಚಾರ ನಡೆಯುತ್ತದೆ ಎಂಬುದು ತಮಗೆ ತಿಳಿದದ್ದೇ. ತೂಕ ನೋಡುತ್ತಾರೆ, ಉದ್ದ ಅಳೆಯುತ್ತಾರೆ, ತಲೆಗೆ ಟೇಪು ಸುತ್ತುತ್ತಾರೆ, ಕಾರ್ಡಿನ ಮೇಲೆ ಚುಕ್ಕಿ ಇಟ್ಟು ಹಿಂದಿನ ಚುಕ್ಕಿಯಿಂದ ಗೆರೆ ಎಳೆಯುತ್ತಾರೆ. ಗೆರೆ ಏರದಿದ್ದರೆ ಕೂಸನ್ನು ಎತ್ತಿಕೊಂಡು ನಿಂತವಳ ಕಡೆ ತಿರುಗಿ, "ಹಾಲು ಸರಿಯಾಗಿ ಕುಡಿಸ್ತಿದ್ದೀಯ ತಾನೇ?" ಎನ್ನುತ್ತಾರೆ. ಇಡೀ ಭೇಟಿಯಲ್ಲಿ ತಾಯಿಯನ್ನು ಕೇಳುವ ಮಾತು ಅದೊಂದೇ, ಅದರಲ್ಲೂ ಅರ್ಧ ಆಕ್ಷೇಪ. ಅವಳು ತಲೆಯಾಡಿಸಿ ಹೊರಡುತ್ತಾಳೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆರಿಗೆಯಾದ ಮಹಿಳೆಯರಲ್ಲಿ ಸುಮಾರು ಶೇ 13ರಷ್ಟು ಮಂದಿಯನ್ನು ಮಾನಸಿಕ ಕಾಯಿಲೆ, ಮುಖ್ಯವಾಗಿ ಖಿನ್ನತೆ, ಕಾಡುತ್ತದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಶೇ 19.8. ಒಂದು ಬೆಳಿಗ್ಗೆ ತಮ್ಮ ಕೇಂದ್ರದ ಸಾಲಿನಲ್ಲಿ 40 ತಾಯಂದಿರು ನಿಂತಿದ್ದರೆ ಅವರಲ್ಲಿ ಐದರಿಂದ ಎಂಟು ಮಂದಿ ಕಾಯಿಲೆ ಬಿದ್ದವರು ಎಂದು ಲೆಕ್ಕ. ಅವರು ತಾವಾಗಿಯೇ ನಡೆದು ತಮ್ಮ ಬಾಗಿಲಿಗೆ ಬಂದಿದ್ದಾರೆ. ಹಲವು ದೇಶಗಳ ಲಸಿಕಾ ಪಟ್ಟಿಯಂತೆ ಆರನೇ, ಹತ್ತನೇ, ಹದಿನಾಲ್ಕನೇ ವಾರಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಇಷ್ಟು ಸುಲಭವಾಗಿ ಕೈಗೆ ಸಿಗುವ ರೋಗಿಗಳು ವೈದ್ಯಕೀಯದಲ್ಲಿ ಬೇರೆಲ್ಲೂ ಇಲ್ಲ. ಆದರೂ ಇಷ್ಟು ಸಲೀಸಾಗಿ ಕೈತಪ್ಪಿ ಹೋಗುವವರೂ ಇವರೇ. ನಮ್ಮ ದೂರು ಇದು.

ಮೊದಲು ಒಂದು ಗೊಂದಲ ಬಿಡಿಸಬೇಕು. "ಹೆತ್ತ ಮೇಲೆ ಎಲ್ಲರೂ ಸ್ವಲ್ಪ ಅಳ್ತಾರೆ" ಎಂಬ ಮಾತನ್ನು ಸಿಬ್ಬಂದಿಯ ಬಾಯಲ್ಲಿ ಪದೇ ಪದೇ ಕೇಳುತ್ತೇವೆ. ಅದು ಸುಳ್ಳಲ್ಲ. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂರರಿಂದ ಐದನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು, ಸಿಡುಕು, ಕ್ಷಣಕ್ಕೊಂದು ಮನಸ್ಸು ಕಾಣಿಸಿಕೊಂಡು, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅದಕ್ಕೆ ಮದ್ದು ಬೇಡ, ಜೊತೆಗೆ ಒಂದು ಜೀವ ಇದ್ದರೆ ಸಾಕು. ಎರಡು ವಾರ ಕಳೆದೂ ಇಳಿಯದ ಮಂಕು, ಯಾವುದರಲ್ಲೂ ಆಸೆಯಿಲ್ಲದಿರುವುದು, ಕೂಸಿನ ಮುಖ ನೋಡಿದರೂ ಏನೂ ಅನ್ನಿಸದಿರುವುದು, ನಾನು ತಾಯಿಯಾಗಲು ಲಾಯಕ್ಕಿಲ್ಲ ಎಂಬ ಕೊರಗು ಮಾತ್ರ ಬೇರೆ ಜಾತಿಯದು. ಇದು ಖಿನ್ನತೆ. ತಿಂಗಳುಗಟ್ಟಲೆ ಎಳೆಯಬಲ್ಲದು. ಎಷ್ಟೋ ಮಂದಿಗೆ ಬಸಿರಿನಲ್ಲೇ ಶುರುವಾಗಿರುತ್ತದೆ.

ಮೂರನೆಯದು ಅಪರೂಪ, ಸಾವಿರ ಹೆರಿಗೆಗೆ ಒಂದೋ ಎರಡೋ. ಜನ ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ಮೊದಲ ಎರಡು ವಾರಗಳಲ್ಲೇ, ಹಲವೊಮ್ಮೆ ಮೊದಲ ಕೆಲವೇ ದಿನಗಳಲ್ಲಿ, ದಿಢೀರನೆ ಬರುತ್ತದೆ. ನಿದ್ದೆಯಿಲ್ಲ, ಆದರೂ ದಣಿವಿಲ್ಲ; ಮಾತು ನಿಲ್ಲುವುದಿಲ್ಲ; ದಿಕ್ಕುದೆಸೆ ತಪ್ಪಿದಂತೆ ಗಲಿಬಿಲಿ; ಕೂಸು ತನ್ನದಲ್ಲ ಎಂದೋ ಅದಕ್ಕೆ ಯಾವುದೋ ವಿಶೇಷ ಶಕ್ತಿಯಿದೆ ಎಂದೋ ಗಟ್ಟಿ ನಂಬಿಕೆ. ಗಂಟೆ ಗಂಟೆಗೆ ಲಕ್ಷಣ ಬದಲಾಗುವುದರಿಂದ, ಬೆಳಿಗ್ಗೆ ಸುತ್ತಿಗೆ ಬಂದ ವೈದ್ಯರ ಮುಂದೆ ಆಕೆ ಸರಿಯಾಗಿಯೇ ಮಾತಾಡಬಹುದು. ಇದು ಅಂದೇ ದಾಖಲಿಸಿಕೊಳ್ಳಬೇಕಾದ ತುರ್ತು. ಸೋಂಕು, ಥೈರಾಯ್ಡ್ ಏರುಪೇರು, ಮಿದುಳಿನ ಉರಿಯೂತ ಇಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅಂದೇ ಆಗಬೇಕು. ಉನ್ಮಾದವೂ ಖಿನ್ನತೆಯೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ, ಹಿಂದಿನ ಹೆರಿಗೆಯಲ್ಲಿ ಹೀಗಾದವರಲ್ಲಿ ಇದು ಬರುವ ಸಂಭವ ಬಹಳ ಹೆಚ್ಚು. ಎಂದರೆ, ಬಸಿರಿನ ಮೊದಲ ಭೇಟಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಬಹುದಾದ ಸಂಗತಿ. ರಕ್ತದ ಗುಂಪು, ಸಕ್ಕರೆ, ಬಿ.ಪಿ. ಎಲ್ಲಕ್ಕೂ ಜಾಗವಿರುವ ಬಸಿರಿನ ಕಡತದಲ್ಲಿ ಈ ಪ್ರಶ್ನೆಗೆ ಜಾಗವಿರುವುದು ವಿರಳ.

ಇನ್ನು ಕೂಸಿನ ವಿಚಾರ. ಇದನ್ನು ತುಸು ಬಿಡಿಸಿಯೇ ಹೇಳಬೇಕು. ತಾಯಿಯ ಮನಸ್ಸು ಮಗುವಿಗೆ ತಲುಪುವುದು ಹಾಲಿನ ಮೂಲಕವೋ ಪಾಪಪುಣ್ಯದ ಮೂಲಕವೋ ಅಲ್ಲ, ಒಂದೊಂದು ಸೆಕೆಂಡಿನ ಕೊಡುಕೊಳ್ಳುವಿಕೆಯ ಮೂಲಕ. ಎರಡು-ಮೂರು ತಿಂಗಳ ಕೂಸು ಕಣ್ಣು ಕೊಡುತ್ತದೆ, ಎದುರಿನ ಮುಖ ಅರಳುತ್ತದೆ. ಕೂಸು "ಊಂ" ಎನ್ನುತ್ತದೆ, ಎದುರಿನ ದನಿ ಏರಿಳಿಯುತ್ತಾ ಅದನ್ನೇ ತಿರುಗಿ ಆಡುತ್ತದೆ. ತನ್ನ ಕೂಗಿಗೆ ಲೋಕದಲ್ಲಿ ಓಗೊಡುವವರಿದ್ದಾರೆ ಎಂಬುದು ಅದರ ಮೊದಲ ಪಾಠ. 1978ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ತಾಯಂದಿರು ಕೂಸಿನೊಂದಿಗೆ ಆಡುತ್ತಿದ್ದವರು ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ಮನೆ ಕೂರಬೇಕಿತ್ತು. ಕೂಸುಗಳು ಮೊದಲು ನಕ್ಕು ಕರೆದವು, ಮತ್ತೆ ಮತ್ತೆ ಯತ್ನಿಸಿದವು. ಏನೂ ನಡೆಯದಿದ್ದಾಗ ಮುಖ ತಿರುಗಿಸಿ ತಮ್ಮೊಳಗೆ ಸರಿದವು. ಪ್ರಯೋಗದಲ್ಲಿ ಅದು ಕೆಲವೇ ನಿಮಿಷದ ಮಾತು. ಖಿನ್ನತೆಯಲ್ಲಿ ದಿನಕ್ಕೆ ಹತ್ತಾರು ಸಲ, ವಾರಗಟ್ಟಲೆ ನಡೆಯಬಹುದು.

ಖಿನ್ನತೆಯೆಂದರೆ ಮೂಲೆ ಹಿಡಿದು ಕೂತವಳ ಚಿತ್ರವೇ ತಮ್ಮ ಸಿಬ್ಬಂದಿಯ ಕಣ್ಣಿಗೆ ಬರುವುದು. ಇನ್ನೊಂದು ಬಗೆಯೂ ಇದೆ, ಅದು ಕಣ್ಣಿಗೆ ಬೀಳುವುದು ಕಡಿಮೆ. ಆಕೆ ಕೂಸನ್ನು ಬಿಡುವುದೇ ಇಲ್ಲ. ಅದು ಮುಖ ತಿರುಗಿಸಿದರೂ ಗಲ್ಲ ಹಿಡಿದು ಎಳೆಯುತ್ತಾಳೆ, ಸಾಕೆಂದರೂ ಕುಡಿಸುತ್ತಾಳೆ, ಆಡಿಸುವ ಕೈಯಲ್ಲಿ ಒರಟುತನ ಇಣುಕುತ್ತದೆ. ನೋಡಿದವರು "ಎಷ್ಟು ಚುರುಕಿನ ತಾಯಿ" ಎನ್ನುತ್ತಾರೆ. ಎರಡರಲ್ಲೂ ಕೂಸಿನ ಸನ್ನೆಗೆ ಹೊಂದುವ ಉತ್ತರ ಸಿಗುವುದಿಲ್ಲ. ಮಾತಿನಲ್ಲೂ ಹೀಗೆಯೇ. ಖಿನ್ನತೆಯ ತಾಯಿ ಕೂಸಿನೊಂದಿಗೆ ಆಡುವ ಮಾತು ಕಡಿಮೆ, ಆಡಿದ್ದರಲ್ಲೂ ರಾಗ ಕಡಿಮೆ. ಎಳೆಯ ಕಿವಿಯನ್ನು ಹಿಡಿದು ನಿಲ್ಲಿಸುವುದೇ ಆ ರಾಗ. ಮುಂದೆ ಮಾತು ತಡವಾಗುವುದು, ಅಳು ಬೇಗ ಶಮನವಾಗದಿರುವುದು, ಗಮನ ನಿಲ್ಲದಿರುವುದು ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ದಾರಿ. ದೇಹದ ಬೆಳವಣಿಗೆಗೂ ನಂಟಿದೆ. 2003ರಲ್ಲಿ ಪ್ರಕಟವಾದ ಗೋವಾದ ಅಧ್ಯಯನವೊಂದು, ಹೆರಿಗೆಯ ಆರೆಂಟು ವಾರದಲ್ಲಿ ಖಿನ್ನತೆಯಲ್ಲಿದ್ದ ತಾಯಂದಿರ ಮಕ್ಕಳು ಆರು ತಿಂಗಳಿಗೆ ತೂಕದಲ್ಲೂ ಉದ್ದದಲ್ಲೂ ಹಿಂದೆ ಬೀಳುವ ಸಂಭವ ಹೆಚ್ಚೆಂದು ತೋರಿಸಿತು. ತಮ್ಮ ಕಾರ್ಡಿನ ಗೆರೆ ಏರದಿದ್ದಾಗ ಹಾಲಿನ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಬೇಕು ಎನ್ನುವುದು ಇದಕ್ಕೇ.

ಹೀಗೆಂದ ಮಾತ್ರಕ್ಕೆ ತಾಯಂದಿರನ್ನು ಹೆದರಿಸುವ ಭಿತ್ತಿಪತ್ರ ಅಂಟಿಸಬೇಡಿ. ಆರೋಗ್ಯವಾಗಿರುವ ತಾಯಿ-ಕೂಸು ಜೋಡಿಯಲ್ಲೂ ಇಬ್ಬರ ತಾಳ ಕೂಡುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ ಎಂಬುದನ್ನೂ ಟ್ರಾನಿಕ್ ಅವರೇ ತೋರಿಸಿದ್ದಾರೆ. ತಪ್ಪಿದ ತಾಳವನ್ನು ಮತ್ತೆ ಕೂಡಿಸುವುದರಲ್ಲೇ ಮಗು ಕಲಿಯುತ್ತದೆ. ನಾಲ್ಕಾರು ವಾರದ ಮಂಕಿನಿಂದ ಮಗುವಿನ ಬಾಳು ಹಾಳಾಗುವುದಿಲ್ಲ. ತೀವ್ರವಾಗಿದ್ದು, ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ ಉಳಿದ ಖಿನ್ನತೆಯೇ ಹೆಚ್ಚು ಹಾನಿ ಮಾಡುವುದು. ಅಪ್ಪ, ಅಜ್ಜಿ, ಇನ್ನಾರೋ ಒಬ್ಬರು ಕೂಸಿಗೆ ಓಗೊಡುತ್ತಿದ್ದರೆ ಹಾನಿ ತಗ್ಗುತ್ತದೆ. ಹಾಗಾಗಿ ಬೇಗ ಪತ್ತೆ ಹಚ್ಚುವುದೇ ಅರ್ಧ ಚಿಕಿತ್ಸೆ.

ಪತ್ತೆಗೆ ಸಾಧನವೇನೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೊ ಪ್ರಶ್ನಾವಳಿ 1987ರಿಂದ ಇದೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ಕಳೆದ ಏಳು ದಿನಗಳನ್ನು ಕುರಿತದ್ದು. ಐದು ನಿಮಿಷದ ಕೆಲಸ. ಅದನ್ನು ಬಳಸುತ್ತೇವೆ ಎನ್ನುವ ಕಡೆಗಳಲ್ಲೂ ಅದು ಕೆಡುವ ಬಗೆಗಳು ಹಲವು.

ಅಂಕದಲ್ಲೇ ತಪ್ಪುತ್ತಾರೆ. ಒಂದು, ಎರಡು, ನಾಲ್ಕನೇ ಪ್ರಶ್ನೆಗಳಿಗೆ ಮೇಲಿನಿಂದ ಕೆಳಕ್ಕೆ 0, 1, 2, 3. ಉಳಿದ ಏಳಕ್ಕೆ ಉಲ್ಟಾ: 3, 2, 1, 0. ಎಲ್ಲಕ್ಕೂ ಒಂದೇ ಕ್ರಮದಲ್ಲಿ ಅಂಕ ಹಾಕಿದರೆ ಕಾಯಿಲೆ ಬಿದ್ದವಳು ಚೆನ್ನಾಗಿದ್ದಾಳೆಂದೂ ಚೆನ್ನಾಗಿರುವವಳು ಕಾಯಿಲೆಯವಳೆಂದೂ ಕಡತಕ್ಕೆ ಹೋಗುತ್ತದೆ. ಅನುವಾದದ್ದು ಇನ್ನೊಂದು ತೊಡಕು. ಆರನೆಯ ಪ್ರಶ್ನೆಯ ಇಂಗ್ಲಿಷ್ ನುಡಿಗಟ್ಟನ್ನು ಪದಕ್ಕೆ ಪದ ಇಳಿಸಿದರೆ "ವಸ್ತುಗಳು ನನ್ನ ಮೇಲೆ ಹತ್ತುತ್ತಿವೆ" ಎಂಬಂತಾಗುತ್ತದೆ. ಕೇಳಿಸಿಕೊಂಡವಳು ಕಕ್ಕಾಬಿಕ್ಕಿಯಾಗದೆ ಇನ್ನೇನು? "ಎಲ್ಲ ಕೈಮೀರಿ ಹೋಗ್ತಿದೆ ಅನ್ಸುತ್ತಾ?" ಎಂದರೆ ತಟ್ಟನೆ ಉತ್ತರ ಬರುತ್ತದೆ. ನಿದ್ದೆಯ ಪ್ರಶ್ನೆಯೂ ಹಾಗೆ. ಕೂಸಿನಿಂದಾಗಿ ನಿದ್ದೆಗೆಡುವುದನ್ನು ಅದು ಕೇಳುತ್ತಿಲ್ಲ, ದುಃಖದಿಂದ ನಿದ್ದೆ ಬಾರದಿರುವುದನ್ನು ಕೇಳುತ್ತಿದೆ. "ಕೂಸು ಮಲಗಿದೆ, ನೋಡಿಕೊಳ್ಳೋಕೆ ಬೇರೆಯವರಿದ್ದಾರೆ. ಆಗ ನಿಮಗೆ ನಿದ್ದೆ ಬರುತ್ತಾ?" ಎಂದು ಬಿಡಿಸಿ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು, ಜೊತೆಗೆ ಬಂದವರ ಎದುರಿಗೇ ಗಟ್ಟಿಯಾಗಿ ಓದುವುದು. ಗಂಡ, ಅತ್ತೆ ಪಕ್ಕದಲ್ಲೇ ನಿಂತಿರುವಾಗ "ನಿಮಗೆ ಸಾಯಬೇಕು ಅನ್ನಿಸಿದ್ದಿದೆಯಾ" ಎಂದರೆ ಉತ್ತರ ಏನು ಬರುತ್ತದೆಂದು ಊಹಿಸಲು ತಜ್ಞರು ಬೇಕಿಲ್ಲ. ತೂಕದ ಕೋಣೆಗೆ ತಾಯಿಯೊಬ್ಬಳನ್ನೇ ಒಳಗೆ ಕರೆಯುವ ಪದ್ಧತಿಯನ್ನು ಎಲ್ಲರಿಗೂ ಒಂದೇ ಸಮನೆ ಮಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ಐದೇ ಇದ್ದರೂ ಅಲ್ಲಿ ಸೊನ್ನೆಯಲ್ಲದ ಉತ್ತರ ಬಂದರೆ ಆಕೆ ಮನೆಗೆ ಹೋಗುವ ಮುನ್ನ ಯಾರಾದರೂ ಕೂತು ಮಾತಾಡಲೇಬೇಕು. 13 ಮತ್ತು ಮೇಲ್ಪಟ್ಟ ಅಂಕವನ್ನು ಖಿನ್ನತೆಯ ಗಟ್ಟಿ ಸೂಚನೆಯೆಂದೂ 10ರಿಂದ ಮೇಲಿನದನ್ನು ಎಚ್ಚರಿಕೆಯೆಂದೂ ಹಲವೆಡೆ ಹಿಡಿಯುತ್ತಾರೆ. ಆ ಗಡಿ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ, ಆಯಾ ನುಡಿಯಲ್ಲಿ ಪರೀಕ್ಷಿಸಿ ನಿಗದಿ ಮಾಡಿದ್ದನ್ನೇ ಬಳಸಿ. ಅಂಕವೇ ರೋಗನಿರ್ಣಯವಲ್ಲ ಎಂಬುದನ್ನೂ ಕಲಿಸಿ. ಮೊದಲ ಎರಡು ವಾರದಲ್ಲಿ ಹೆಚ್ಚು ಅಂಕ ಬಂದರೆ ಎರಡು ವಾರ ಬಿಟ್ಟು ಮತ್ತೆ ಕೇಳುವುದು ಲೇಸು.

ಸಿಬ್ಬಂದಿ ಹೆಚ್ಚಾಗಿ ಎಡವುವ ಒಂದು ಕಡೆಯನ್ನು ಇಲ್ಲಿಯೇ ಹೇಳಬೇಕು. ಕೆಲವು ತಾಯಂದಿರಿಗೆ ಬೇಡವೆಂದರೂ ಭೀಕರ ಚಿತ್ರಗಳು ಮನಸ್ಸಿಗೆ ನುಗ್ಗುತ್ತವೆ: ಕೂಸು ಕೈಜಾರಿ ಬಿದ್ದಂತೆ, ಚಾಕು ತಾಗಿದಂತೆ. ಆಕೆಗೆ ಅದರಿಂದ ದಿಗಿಲು. ಚಾಕು ಬಚ್ಚಿಡುತ್ತಾಳೆ, ಕೂಸಿಗೆ ಸ್ನಾನ ಮಾಡಿಸಲು ಹೆದರುತ್ತಾಳೆ. ಇದು ಗೀಳಿನ ಲಕ್ಷಣ. ಹೆತ್ತವರಲ್ಲಿ ಬಹಳ ಸಾಮಾನ್ಯ, ಅದನ್ನು ಆಕೆ ಕೈಯಾರೆ ಮಾಡುವ ಸಂಭವ ತೀರಾ ಕಡಿಮೆ. ಕೂಸಿಗೆ ಕೆಡುಕು ಮಾಡಬೇಕೆಂಬುದು ಆಕೆಗೆ ಸರಿಯೆಂದೇ ತೋರುತ್ತಿದ್ದರೆ, ಯಾರೋ ಆಜ್ಞೆ ಮಾಡಿದಂತೆ ಕೇಳುತ್ತಿದ್ದರೆ, ಆಗ ಅದು ಮೇಲೆ ಹೇಳಿದ ತುರ್ತು. ಈ ಎರಡರ ನಡುವಿನ ಅಂತರ ತಿಳಿಯದೆ ಗೀಳಿನ ತಾಯಿಯಿಂದ ಕೂಸನ್ನು ಕಿತ್ತುಕೊಂಡರೆ, ಮುಂದಿನ ಹತ್ತು ತಾಯಂದಿರು ಬಾಯಿಯನ್ನೇ ಬಿಡುವುದಿಲ್ಲ. "ಮಗು ಕಿತ್ಕೊಂಡುಬಿಡ್ತಾರೆ" ಎಂಬ ಹೆದರಿಕೆಯೇ ಸುಳ್ಳು ಉತ್ತರಗಳ ಮುಖ್ಯ ಕಾರಣ.

ಕೇಳಿದ ಮೇಲೆ ಮುಂದೇನು? ಇದಕ್ಕೆ ಉತ್ತರವಿಲ್ಲದಿದ್ದರೆ ಕೇಳದಿರುವುದೇ ಮೇಲು ಎನ್ನುವಷ್ಟು ಇದು ಮುಖ್ಯ. "ಮನೋವೈದ್ಯರನ್ನು ಕಾಣಿ" ಎಂದು ಚೀಟಿ ಬರೆದುಕೊಡುವುದು ಮುಂದಿನ ಹೆಜ್ಜೆಯಲ್ಲ, ಕೈತೊಳೆದುಕೊಳ್ಳುವುದು. ಕೈಗೂಸನ್ನು ಕಟ್ಟಿಕೊಂಡು, ಹೊಲಿಗೆಯ ನೋವಿನಲ್ಲಿ, ಮನೆಯವರ ಒಪ್ಪಿಗೆ ಪಡೆದು, ಇನ್ನೊಂದು ದಿನ ಇನ್ನೊಂದು ಕಟ್ಟಡ ಹುಡುಕಿ ಹೋಗುವ ಚೈತನ್ಯ ಇದ್ದಿದ್ದರೆ ಅದನ್ನು ಖಿನ್ನತೆ ಎನ್ನುತ್ತಿರಲಿಲ್ಲ.

ತಜ್ಞರ ಕೊರತೆಯಿದೆ ಎಂಬ ತಮ್ಮ ಉತ್ತರ ನಮಗೆ ಗೊತ್ತು. ಪಾಕಿಸ್ತಾನದ ಹಳ್ಳಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಕಿತ್ಸೆ ಕೊಟ್ಟವರು ಮನೆಮನೆಗೆ ಹೋಗುವ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಬಸಿರಿನ ಕೊನೆಯ ತಿಂಗಳಲ್ಲಿ ವಾರಕ್ಕೊಂದರಂತೆ ನಾಲ್ಕು, ಹೆರಿಗೆಯ ನಂತರದ ತಿಂಗಳಲ್ಲಿ ಮೂರು, ಆಮೇಲೆ ತಿಂಗಳಿಗೊಂದರಂತೆ ಒಂಬತ್ತು, ಒಟ್ಟು ಹದಿನಾರು ಭೇಟಿ. ಬಸಿರಿನಲ್ಲೇ ಖಿನ್ನತೆ ಪತ್ತೆಯಾಗಿದ್ದ ಈ ತಾಯಂದಿರಲ್ಲಿ, ಕೂಸಿಗೆ ಆರು ತಿಂಗಳಾದಾಗ, ಈ ನೆರವು ಪಡೆದವರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆ ಉಳಿದಿತ್ತು, ಮಾಮೂಲಿ ಭೇಟಿ ಪಡೆದವರಲ್ಲಿ ಶೇ 53. ಮಕ್ಕಳ ತೂಕ-ಉದ್ದದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಭೇದಿ ಕಡಿಮೆಯಾಯಿತು, ಲಸಿಕೆ ಪೂರ್ಣಗೊಂಡವರು ಹೆಚ್ಚಾದರು, ತಂದೆತಾಯಿ ಇಬ್ಬರೂ ಕೂಸಿನೊಂದಿಗೆ ಹೆಚ್ಚು ಹೊತ್ತು ಆಡಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕೈಪಿಡಿಯಾಗಿ 2015ರಲ್ಲಿ ಹೊರತಂದಿದೆ. ಅದನ್ನು ಬರಿದೆ ಹಂಚಿದರೆ ಸಾಲದು. ಕಾರ್ಯಕರ್ತೆಯರಿಗೆ ತಿಂಗಳಿಗೊಮ್ಮೆಯಾದರೂ ತಿಳಿದವರ ಮೇಲ್ವಿಚಾರಣೆ ಸಿಗಬೇಕು. ಹಾಗಿಲ್ಲದ ಕಡೆ ಹದಿನಾರು ಭೇಟಿ ಹದಿನಾರು ಬುದ್ಧಿವಾದವಾಗಿ ಮುಗಿಯುತ್ತದೆ.

ಔಷಧದ ವಿಷಯದಲ್ಲಿ ಎರಡು ತಪ್ಪು ಹೆಚ್ಚು. ಒಂದು, ಹಾಲೂಡಿಸುತ್ತಿದ್ದಾಳೆಂದು ಏನನ್ನೂ ಕೊಡದಿರುವುದು, ಅಥವಾ ಮೊದಲು ಹಾಲು ಬಿಡಿಸಿ ಆಮೇಲೆ ಕೊಡುವುದು. ಸರ್ಟ್ರಾಲಿನ್‌ನಂಥ ಖಿನ್ನತೆಯ ಮದ್ದು ಎದೆಹಾಲಿಗೆ ಬರುವ ಪ್ರಮಾಣ ಬಹಳ ಕಡಿಮೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ತಾಯಿಯ ಡೋಸಿನ ಶೇ 10ರ ವಾಡಿಕೆಯ ಸುರಕ್ಷತಾ ಗಡಿಗಿಂತ ಸಾಕಷ್ಟು ಕೆಳಗಿರುತ್ತದೆ. ಇನ್ನೊಂದು, ಆರಂಭದ ಡೋಸ್ ಬರೆದು ಮರೆತುಬಿಡುವುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ ಮರುಭೇಟಿ ಇಲ್ಲದಿದ್ದರೆ ಆಕೆ "ಇದರಿಂದ ಏನೂ ಆಗಲ್ಲ" ಎಂದು ನಿಲ್ಲಿಸುತ್ತಾಳೆ, ಇಲ್ಲವೇ ಗುಣವಾದ ಕೂಡಲೇ ನಿಲ್ಲಿಸಿ ಮತ್ತೆ ಬೀಳುತ್ತಾಳೆ. ಬರೆಯುವ ಮುನ್ನ ಒಂದು ಪ್ರಶ್ನೆ ತಪ್ಪದೆ ಕೇಳಿ: ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ಉತ್ಸಾಹ ಉಕ್ಕಿ ಹರಿದದ್ದುಂಟೇ? ಉಂಟಾದರೆ ಅದು ಬೈಪೋಲಾರ್ ಇರಬಹುದು, ಬರೀ ಖಿನ್ನತೆಯ ಮದ್ದು ಅಲ್ಲಿ ಉನ್ಮಾದಕ್ಕೆ ಎಡೆಮಾಡಬಹುದು. ಇನ್ನು ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಬಿಡಬೇಡಿ. ದಣಿವಿಗೂ ಮಂಕಿಗೂ ಅವೂ ಕಾರಣವಾಗಬಲ್ಲವು.

ತಾಯಿ ಗುಣವಾದ ಮಾತ್ರಕ್ಕೆ ತಾಯಿ-ಕೂಸಿನ ತಾಳ ತಾನಾಗಿ ಕೂಡುತ್ತದೆ ಎಂದೂ ಅಂದುಕೊಳ್ಳಬೇಡಿ. ಅದನ್ನು ಬೇರೆಯಾಗಿ ಕಲಿಸಬೇಕಾಗುತ್ತದೆ. ಕೂಸು ನೋಡುವವರೆಗೆ ಕಾಯುವುದು, ಅದು ಹೊರಡಿಸಿದ ಸದ್ದನ್ನು ತಿರುಗಿ ಆಡುವುದು, ಅದು ಮುಖ ತಿರುಗಿಸಿದರೆ ಬಿಟ್ಟು ಕಾಯುವುದು. ಐದು ನಿಮಿಷದ ವಿಡಿಯೊ ತೆಗೆದು, ಇಬ್ಬರ ಕಣ್ಣು ಕೂಡಿದ ಕ್ಷಣವನ್ನೇ ಆರಿಸಿ ಆಕೆಗೆ ತೋರಿಸುವುದು ಬಹಳ ಫಲ ಕೊಡುವ ವಿಧಾನ. ತಪ್ಪಿದ ಕ್ಷಣವನ್ನು ತೋರಿಸಿದರೆ ಕೆಲಸ ಕೆಟ್ಟಿತು.

ಇನ್ನೊಂದು ದೂರು ಲೆಕ್ಕಪುಸ್ತಕದ್ದು. ತಾಯಂದಿರ ಸಾವಿನ ಎಣಿಕೆ ಹೆರಿಗೆಯಾಗಿ 42 ದಿನಕ್ಕೆ ಮುಗಿಯುತ್ತದೆ. ಆತ್ಮಹತ್ಯೆಯಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಅದರ ಆಚೆಗೆ. ಬ್ರಿಟನ್ನಿನಲ್ಲಿ ಒಂದು ವರ್ಷದವರೆಗೂ ಎಣಿಸುವುದರಿಂದಲೇ, ಆರು ವಾರದಿಂದ ಒಂದು ವರ್ಷದ ಅವಧಿಯಲ್ಲಿ ತಾಯಂದಿರ ನೇರ ಸಾವುಗಳಿಗೆ, ಎಂದರೆ ಬಸಿರು-ಬಾಣಂತನದ ತೊಡಕಿನಿಂದಲೇ ಆದ ಸಾವುಗಳಿಗೆ, ಮೊದಲ ಕಾರಣ ಆತ್ಮಹತ್ಯೆ ಎಂಬುದು ಬೆಳಕಿಗೆ ಬಂದದ್ದು. ಬಸಿರು ಮತ್ತು ಬಾಣಂತನದ ಆತ್ಮಹತ್ಯೆಯನ್ನು ನೇರ ತಾಯಿಸಾವೆಂದೇ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಹಾಗಿದ್ದೂ ಎಷ್ಟೋ ಕಡೆ ಅದು "ಆಕಸ್ಮಿಕ" ಎಂಬ ಖಾನೆಗೆ ಹೋಗುತ್ತದೆ. ಎಣಿಸದ ಸಾವಿಗೆ ಹಣ ಮಂಜೂರಾಗುವುದಿಲ್ಲ, ಅದು ತಮಗೂ ಗೊತ್ತು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮಗುವಿನ ಕಾರ್ಡಿನಲ್ಲಿ ತೂಕದ ಗೆರೆಯ ಕೆಳಗೆ "ತಾಯಿಯನ್ನು ಕೇಳಿದೆ" ಎಂಬ ಒಂದು ಸಾಲು ಸೇರಿಸಿ, ದಿನಾಂಕ ಮತ್ತು ಸಹಿಗೆ ಮಾತ್ರ. ಅಂಕ ಅಲ್ಲಿ ಬೇಡ, ಕಾರ್ಡು ಮನೆಮಂದಿಯೆಲ್ಲ ನೋಡುವ ವಸ್ತು. ಅದು ತಮ್ಮ ಕಡತದಲ್ಲಿರಲಿ. ಪ್ರತಿ ಲಸಿಕೆ ಭೇಟಿಯಲ್ಲೂ ಎರಡೇ ಪ್ರಶ್ನೆ: ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ, ಯಾವ ದಾರಿಯೂ ಕಾಣದೆ ಬೇಸತ್ತಿದ್ದುಂಟೇ? ಮಾಡುವ ಕೆಲಸದಲ್ಲಿ ಆಸಕ್ತಿ, ಖುಷಿ ಇಲ್ಲವಾಗಿದೆಯೇ? ಒಂದಕ್ಕೆ ಹೌದೆಂದರೂ ಹತ್ತು ಪ್ರಶ್ನೆಗಳ ಪಟ್ಟಿ. ಪಟ್ಟಿಯಲ್ಲಿ ಅಂಕ ಏರಿದರೆ ಅದೇ ಕಟ್ಟಡದಲ್ಲಿ, ಅದೇ ದಿನ ಮಾತಾಡುವ ಒಬ್ಬರು. ಹೆಸರು, ಕೋಣೆ, ವಾರ ಎಲ್ಲ ಮೊದಲೇ ಗೊತ್ತಿರಬೇಕು. ಎರಡು ವಾರದೊಳಗೆ ಮರುಭೇಟಿಯ ದಿನಾಂಕ, ಬಾರದಿದ್ದರೆ ಹುಡುಕಿಕೊಂಡು ಹೋಗುವವರು. ದಾಖಲಿಸಬೇಕಾದಾಗ ಕೂಸನ್ನೂ ಜೊತೆಗಿಟ್ಟುಕೊಳ್ಳಬಹುದಾದ ಒಂದೆರಡು ಹಾಸಿಗೆ, ರಾತ್ರಿ ಕೂಸನ್ನು ನೋಡಿಕೊಳ್ಳಲು ಒಬ್ಬ ನರ್ಸ್.

ತಂದೆಯನ್ನು ಬಾಗಿಲಾಚೆ ನಿಲ್ಲಿಸಿಯೇ ಕಳಿಸಬೇಡಿ. ಹತ್ತರಲ್ಲಿ ಸುಮಾರು ಒಬ್ಬ ತಂದೆಗೂ ಈ ಅವಧಿಯಲ್ಲಿ ಖಿನ್ನತೆ ಇರುತ್ತದೆ, ಅವನನ್ನೂ ಕೇಳಿ. ಆಮೇಲೆ ಅವನಿಗೆ ಒಂದು ಖಚಿತ ಕೆಲಸ ಕೊಡಿ: ರಾತ್ರಿಯಲ್ಲಿ ನಾಲ್ಕೈದು ಗಂಟೆ ಆಕೆ ಒಂದೇ ಸಮ ಮಲಗುವಂತೆ ಮಾಡುವುದು. ಕೂಸನ್ನು ಎತ್ತುವುದು, ಬಟ್ಟೆ ಬದಲಿಸುವುದು, ತೂಗುವುದು ಅವನ ಪಾಲು. ಮೊದಲೇ ಹಿಂಡಿಟ್ಟ ಹಾಲಿದ್ದರೆ ಒಂದು ಸಲ ಕುಡಿಸುವುದೂ ಅವನದೇ. "ಹೆಂಡತಿಯನ್ನು ಚೆನ್ನಾಗಿ ನೋಡ್ಕೋ" ಎಂದು ಕಳಿಸುವುದಕ್ಕಿಂತ ಇದು ಅವನಿಗೆ ಅರ್ಥವಾಗುತ್ತದೆ.

ಮುಂದಿನ ತ್ರೈಮಾಸಿಕ ವರದಿಯಲ್ಲಿ ಎಷ್ಟು ಕೂಸುಗಳಿಗೆ ಲಸಿಕೆ ಹಾಕಲಾಯಿತು ಎಂಬ ಅಂಕಣದ ಪಕ್ಕದಲ್ಲಿ ಎಷ್ಟು ತಾಯಂದಿರನ್ನು ಒಬ್ಬರೇ ಇರುವಾಗ ಕೇಳಲಾಯಿತು, ಎಷ್ಟು ಮಂದಿ ಮರುಭೇಟಿಗೆ ಬಂದರು ಎಂಬ ಎರಡು ಅಂಕಣಗಳನ್ನು ಕಾಣಲು ಕಾಯುತ್ತಿದ್ದೇವೆ. ಮೊದಲ ಸಲ ಎರಡನೆಯ ಅಂಕಣದ ಸಂಖ್ಯೆ ಚಿಕ್ಕದಿರುತ್ತದೆ. ಅದನ್ನು ಮುಚ್ಚಿಡದೆ ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ಬಾಣಂತಿಯರ ಮತ್ತು ಶಿಶುಗಳ ಮಾನಸಿಕ ಆರೋಗ್ಯಕ್ಕಾಗಿ ದುಡಿಯುತ್ತಿರುವ ನಾವು ಕೆಲವರು